ಎರಡು ಬಟ್ಟಲು ನೀರು

ಆ ಬೀದಿಯಲ್ಲಿದ್ದ ಅಕ್ಕತಂಗಿಯರಲ್ಲಿ ಅಕ್ಕನನ್ನು ಎಲ್ಲರೂ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಬಿಗಿಯುವುದು ಅವಳ ಕೆಲಸ. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಇಟ್ಟು, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಈಗ ಸರಿಯಾಗಿ ಕಾಣ್ತಾ?" ಎಂದು ಕೇಳಿ ಕೇಳಿಯೇ ಅವಳ ತಲೆ ಬೆಳ್ಳಗಾಗಿತ್ತು. ತಂಗಿಗೆ ಬೀದಿಯವರು ಇಟ್ಟ ಹೆಸರು ಮೈಕಮ್ಮ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವವಳು. ದಿನವಿಡೀ ಕಂಡವರಿಗೂ ಕಾಣದವರಿಗೂ ಒಂದೇ ಸಮ ಮಾತಾಡುವ ಈ ಹೆಂಗಸು ಮನೆಗೆ ಬಂದರೆ ಒಡಹುಟ್ಟಿದವಳ ಮುಂದೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಕ್ಕನೂ ಕಡಿಮೆಯವಳಲ್ಲ. ಒಂದೇ ಸೂರು, ಒಂದೇ ಒಲೆ, ಒಂದೇ ಬಚ್ಚಲು. ಮಾತು ಮಾತ್ರ ಇಲ್ಲ. ಮುಂದಿನ ಕೋಣೆ ಅಕ್ಕನದು, ಹಿಂದಿನದು ತಂಗಿಯದು, ಒಬ್ಬರ ಹೊಸ್ತಿಲು ಇನ್ನೊಬ್ಬರು ದಾಟುವುದಿಲ್ಲ. ಅಡುಗೆಮನೆ ಇಬ್ಬರದೂ ಹೌದು, ಯಾರದೂ ಅಲ್ಲ.

ಅದು ವರ್ಷಗಳ ಹಿಂದೆ ಅಮ್ಮ ತೀರಿಕೊಂಡ ದಿನ ಶುರುವಾದ ಮುನಿಸು. ಆವತ್ತು ಬೆಳಿಗ್ಗೆ ತಂಗಿ ಕೆಲಸಕ್ಕೆ ಹೊರಟಾಗ, ಹಾಸಿಗೆ ಹಿಡಿದಿದ್ದ ಅಮ್ಮ ಕಣ್ಣು ಬಿಟ್ಟು ನೋಡಿ ತಲೆಯಾಡಿಸಿದ್ದಳು. ತಂಗಿ ಅತ್ತ ಹೋದಳು, ಅಮ್ಮ ಇತ್ತ ಹೋದಳು. ಅಕ್ಕ ಫೋನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಮೈಕಿನ ಮುಂದೆ ಕೂತವಳಿಗೆ ಇಂಥ ಸುದ್ದಿ ಹೇಗೆ ಹೇಳುವುದು, ಹೋದ ಜೀವವಂತೂ ಬರುವುದಿಲ್ಲ, ಕೆಲಸ ಮುಗಿಸಿಕೊಂಡೇ ಬರಲಿ ಎಂದುಕೊಂಡಳು. ಸಂಜೆ ತಂಗಿ ಅಮ್ಮನಿಗೆಂದು ಮೆತ್ತನೆಯ ಬ್ರೆಡ್ಡು ಹಿಡಿದು ಬಾಗಿಲಿಗೆ ಬಂದರೆ ನೆರೆಹೊರೆಯವರೆಲ್ಲ ಅಂಗಳದಲ್ಲಿ ನಿಂತಿದ್ದರು. ಬೀದಿಗೆಲ್ಲ ಗೊತ್ತಿದ್ದ ಸುದ್ದಿ ಹೆತ್ತ ಮಗಳಿಗೆ ಗೊತ್ತಿರಲಿಲ್ಲ.

"ಯಾವಾಗ?" ಎಂದಳು ತಂಗಿ.

"ಬೆಳಿಗ್ಗೆ. ನೀನು ಕೆಲಸದಲ್ಲಿದ್ದೆ. ಮುಗಿಸ್ಕೊಂಡು ಬರ್ಲಿ ಅಂತ ಹೇಳ್ಲಿಲ್ಲ."

"ಅಮ್ಮ ಇಲ್ಲಿ ಹೀಗೆ ಮಲಗಿದ್ರೆ ನಾನಲ್ಲಿ ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರ ಗಮನಕ್ಕೆ ಅಂತ ಕೂಗ್ತಾ ಕೂತಿದ್ನಾ?"

ಅಕ್ಕ ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಒಳ್ಳೆಯದಕ್ಕೇ ಮಾಡಿದವಳು ತಾನು, ತಪ್ಪು ಯಾಕೆ ಒಪ್ಪಿಕೊಳ್ಳಬೇಕು ಎಂದು ಅವಳಿಗೆ ರೇಗಿತು. "ಬಂದು ಏನ್ ಮಾಡ್ತಿದ್ದೆ?" ಎಂದುಬಿಟ್ಟಳು. ತಂಗಿ ಬ್ರೆಡ್ಡನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದವಳು ಮತ್ತೆ ಅಕ್ಕನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಅಮ್ಮ ಬಿಟ್ಟುಹೋದದ್ದು ಒಂದು ಹಳೇ ಮಂಚ ಮತ್ತು ಮಸಿ. ಮಸಿ ಎಂದರೆ ಬಾಣಲೆಯ ತಳದಷ್ಟು ಕಪ್ಪಗಿದ್ದ ಗಂಡು ಬೆಕ್ಕು. ಅಮ್ಮನ ಕಾಲ ಬಳಿ ಮಲಗುತ್ತಿದ್ದ ಅದು, ಅಮ್ಮ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ, ಎರಡು ಕೋಣೆಗಳಿಗೂ ಸರಿಯಾಗಿ ನಡುವೆ, ಒಂದು ಹರಕು ಚಾಪೆಯ ಮೇಲೆ ಠಿಕಾಣಿ ಹೂಡಿತು. ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ? ಒಂದು ಬೆಳಿಗ್ಗೆ ಒಲೆ ಹತ್ತಲಿಲ್ಲ. ಅಕ್ಕ ಗೋಡೆ ನೋಡಿದಳು, ಸೂರು ನೋಡಿದಳು, ಕೊನೆಗೆ ಬೆಕ್ಕನ್ನು ನೋಡಿದಳು.

"ಮಸಿ, ಗ್ಯಾಸ್ ಮುಗೀತು ಅಂತ ಹೇಳೋ ಅವ್ಳಿಗೆ."

"ನಾಳೆ ತರಿಸ್ತಾಳಂತೆ ಅಂತ ಹೇಳೋ ಮಸಿ," ಎಂದಳು ತಂಗಿ, ಹಿಂದಿನ ಕೋಣೆಯಿಂದಲೇ.

ಅಲ್ಲಿಂದ ಮುಂದೆ ಮನೆಯ ಕಾರುಬಾರೆಲ್ಲ ಬೆಕ್ಕಿನ ಮೂಲಕವೇ ನಡೆಯಿತು. ಬೀಗದ ಕೈ ಎಲ್ಲಿದೆ, ನಲ್ಲಿ ಸೋರುತ್ತಿದೆ, ಯಾರೋ ಬಂದು ಹೋದರು, ಎಲ್ಲವೂ. ಜಗಳವೂ ನಡೆಯುತ್ತಿತ್ತು.

"ಅಡುಗೆಗೆ ಉಪ್ಪು ಹಾಕೋದು ಮರೆತಿದ್ದಾರೆ ಅಂತ ಹೇಳು ದೊಡ್ಡವರಿಗೆ."

"ಅಷ್ಟುದ್ದ ನಾಲಿಗೆ ಇರೋರಿಗೆ ಉಪ್ಪು ಹಾಕ್ಕೊಳ್ಳೋಕೆ ಕೈ ಇಲ್ವಾ ಅಂತ ಕೇಳು."

ಮಸಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕತ್ತು ತಿರುಗಿಸಿ, ಆಕಳಿಸಿ, ಕಾಲು ನೆಕ್ಕಿಕೊಳ್ಳುತ್ತಿತ್ತು. ಅದರ ತಾಳ್ಮೆ ಮನುಷ್ಯರಿಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಎಲ್ಲವನ್ನೂ ಬೆಕ್ಕಿನ ಮೂಲಕ ಹೇಳಿದ ಅಕ್ಕತಂಗಿಯರು ಬೆಕ್ಕಿನ ವಿಷಯವನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಅಕ್ಕ ತನ್ನ ಮಂಚದ ಕೆಳಗೆ ಅದಕ್ಕೊಂದು ಬಟ್ಟಲು ನೀರು ಇಡುತ್ತಿದ್ದಳು. ತಂಗಿ ತನ್ನ ಕಿಟಕಿಯ ಕೆಳಗೆ ಇನ್ನೊಂದು ಇಡುತ್ತಿದ್ದಳು. ಮೊದಮೊದಲು ಬಟ್ಟಲಿನ ನೀರು ಅರ್ಧ ಉಳಿಯುತ್ತಿತ್ತು. ಬರಬರುತ್ತ ಸಂಜೆಯ ಹೊತ್ತಿಗೆ ತಳ ಒಣಗಿರತೊಡಗಿತು. ಅಕ್ಕ ಅದನ್ನು ಕಂಡು ಒಳಗೊಳಗೇ ಹಿಗ್ಗಿದಳು. ಬೆಕ್ಕು ಈಗ ಆ ಕೋಣೆಯ ನೀರು ಬಿಟ್ಟು ತನ್ನ ಕೋಣೆಯ ನೀರನ್ನೇ ಕುಡಿಯುತ್ತಿದೆ, ಯಾರು ಹೆಚ್ಚು ಎಂದು ಅದಕ್ಕೆ ಗೊತ್ತಾಗಿದೆ ಎಂದುಕೊಂಡಳು. ಅತ್ತ ತಂಗಿಯೂ ಅದನ್ನೇ ಅಂದುಕೊಂಡು ಬೀಗುತ್ತಿದ್ದಳು. ಹಿತ್ತಲ ಮಣ್ಣಿನಲ್ಲಿ ಅದು ಪದೇ ಪದೇ ಉಚ್ಚೆ ಹೊಯ್ದು ಮುಚ್ಚುವುದನ್ನು ನೋಡುವವರು ಯಾರು? ಇಬ್ಬರೂ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯೇ ಬರುವವರು.

ಬೆಕ್ಕು ಸೊರಗಿತು. ಬೆನ್ನ ಮೂಳೆ ಕೈಗೆ ಸಿಗತೊಡಗಿತು, ಹೊಳೆಯುತ್ತಿದ್ದ ಕೂದಲು ಗಂಟುಗಂಟಾಯಿತು. ಬಾಯಿ ವಾಸನೆ ಹೊಡೆಯಿತು. ಒಂದು ಬೆಳಿಗ್ಗೆ ಚಾಪೆಯ ಮೇಲೆಲ್ಲ ವಾಂತಿ ಮಾಡಿ, ತಲೆ ಎತ್ತಲಾರದೆ ಮಲಗಿತು. ತಂಗಿ ಬುಟ್ಟಿಗೆ ಟವೆಲ್ ಹಾಸಿದಳು, ಅಕ್ಕ ಬೆಕ್ಕನ್ನು ಎತ್ತಿ ಮಲಗಿಸಿದಳು. ಅಮ್ಮ ಹೋದ ಮೇಲೆ ಅವರಿಬ್ಬರೂ ಜೊತೆಯಾಗಿ ಬೀದಿಗೆ ಇಳಿದದ್ದು ಅದೇ ಮೊದಲು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಮಸಿಯ ಹೊಟ್ಟೆ ಒತ್ತಿ ನೋಡಿದಳು, ರಕ್ತ ತೆಗೆದು ಪರೀಕ್ಷೆ ಮಾಡಿಸಿದಳು.

"ಇತ್ತೀಚೆಗೆ ನೀರು ಜಾಸ್ತಿ ಕುಡೀತಿತ್ತಾ?"

"ಇಲ್ಲಮ್ಮ," ಎಂದಳು ಅಕ್ಕ. "ದಿನಕ್ಕೊಂದು ಬಟ್ಟಲು. ನಾನೇ ತುಂಬಿಸ್ತೀನಿ."

ತಂಗಿ ಮುಂದೆ ಬಂದಳು. "ನಾನೂ ಒಂದು ಬಟ್ಟಲು ಇಡ್ತೀನಿ ಡಾಕ್ಟ್ರೇ. ನನ್ನ ರೂಮಲ್ಲಿ. ಅದೂ ಸಂಜೆಗೆ ಖಾಲಿ ಆಗಿರುತ್ತೆ."

ಡಾಕ್ಟರಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. "ನೀವಿಬ್ರೂ ಒಂದೇ ಮನೇಲಿ ತಾನೆ ಇರೋದು?"

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ವಿವರಿಸಿದಳು. ಎರಡೂ ಕಿಡ್ನಿ ಕುಗ್ಗಿಹೋಗಿವೆ. ಇದು ಇವತ್ತು ನಿನ್ನೆ ಬಂದ ರೋಗವಲ್ಲ. ವಿಪರೀತ ನೀರು ಕುಡಿಯುವುದೇ ಇದರ ಮೊದಲ ಗುರುತು; ಆಗಲೇ ಕರೆತಂದಿದ್ದರೆ ಆಹಾರ ಬದಲಿಸಿ ಇನ್ನಷ್ಟು ಕಾಲ ಚೆನ್ನಾಗಿ ಇಟ್ಟುಕೊಳ್ಳಬಹುದಿತ್ತು. ಈಗ ವಾಸಿಯಾಗುವ ಮಾತಿಲ್ಲ, ನಿಭಾಯಿಸಬೇಕು ಅಷ್ಟೆ.

ವಾಪಸು ಬರುವಾಗ ತಂಗಿ ಬುಟ್ಟಿಯೊಳಗೆ ಬಗ್ಗಿ ಹೇಳಿದಳು: "ಕೇಳಿಸ್ಕೊಂಡ್ಯಾ ಮಸಿ? ಹೇಳ್ಬೇಕಾದ್ದನ್ನ ಹೇಳ್ಬೇಕಾದಾಗ ಹೇಳ್ದೇ ಇರೋದು ಕೆಲವರಿಗೆ ಅಭ್ಯಾಸ ಅಂತ ಹೇಳು."

"ಬಾಯಿ ಇಬ್ರಿಗೂ ಇತ್ತು ಅಂತ ಹೇಳು," ಎಂದಳು ಅಕ್ಕ. ಸುಳ್ಳೇನೂ ಅಲ್ಲ. ಆದರೂ ಹೇಳಿದ ಮೇಲೆ ಅವಳ ಬಾಯಿ ಕಹಿಯಾಯಿತು.

ಚಿಕಿತ್ಸೆ ಎಂದರೆ ಡಾಕ್ಟರಮ್ಮ ಹೇಳಿಕೊಟ್ಟಂತೆ ಮನೆಯಲ್ಲೇ ದಿನ ಬಿಟ್ಟು ದಿನ ಬೆಕ್ಕಿನ ಹೆಗಲ ಬಳಿ ಚರ್ಮದಡಿಗೆ ಸೂಜಿ ಚುಚ್ಚಿ ಡ್ರಿಪ್ ಕೊಡುವುದು. ಒಬ್ಬರ ಕೈಲಾಗುವ ಕೆಲಸವಲ್ಲ; ಒಬ್ಬರು ಹಿಡಿಯಬೇಕು, ಒಬ್ಬರು ಚುಚ್ಚಬೇಕು. ಸಣ್ಣ ಸ್ಕ್ರೂ ಬಿಗಿದು ಪಳಗಿದ ಅಕ್ಕನ ಕೈ ನಡುಗುತ್ತಿರಲಿಲ್ಲ, ಹಾಗಾಗಿ ಸೂಜಿ ಅವಳದಾಯಿತು. ತಂಗಿ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಅಡುಗೆಮನೆಯ ಮೇಜಿನ ಮೇಲೆ ಅಪ್ಪಿ ಹಿಡಿಯುತ್ತಿದ್ದಳು. ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದ ಡ್ರಿಪ್ ಚೀಲವನ್ನು ಕಿಟಕಿಯ ಸರಳಿನ ಕೊಕ್ಕೆಗೆ ತೂಗುಹಾಕುತ್ತಿದ್ದರು. ನೀರು ಇಳಿದಂತೆ ಮಸಿಯ ಹೆಗಲ ಮೇಲೆ ಗೂನು ಏಳುತ್ತಿತ್ತು. ಅದು ಗುರ್ರೆಂದರೆ ತಂಗಿ ಮೂಗಿನಲ್ಲಿ ದನಿ ತೆಗೆದು, "ಪ್ರಯಾಣಿಕರ ಗಮನಕ್ಕೆ, ಮಸಿರಾಯರ ಬಸ್ಸು ಇನ್ನೇನು ಹೊರಡಲಿದೆ, ದಯವಿಟ್ಟು ಕೂತಲ್ಲೇ ಕೂತಿರಿ," ಎನ್ನುತ್ತಿದ್ದಳು. ಅಕ್ಕನಿಗೆ ನಗು ಉಕ್ಕಿ ಬರುತ್ತಿತ್ತು. ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಎರಡು ಬಟ್ಟಲುಗಳು ಕೋಣೆಗಳಿಂದ ಹೊರಗೆ ಬಂದವು. ಈಗ ಅಡುಗೆಮನೆಯಲ್ಲಿ ಒಂದೇ ಬಟ್ಟಲು. ಬೆಕ್ಕು ಎಷ್ಟು ಕುಡಿಯಿತು, ಎಷ್ಟು ತಿಂದಿತು ಎಂದು ಇಬ್ಬರೂ ಅದಕ್ಕೇ ವರದಿ ಒಪ್ಪಿಸುತ್ತಿದ್ದರು. ಡಾಕ್ಟರಮ್ಮ ಕೊಟ್ಟ ಸಪ್ಪೆ ಆಹಾರವನ್ನು ಅದು ಮೂಸಿ ನೋಡಿ ಮೂಗು ಮುರಿದರೆ, ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬೆರಳ ತುದಿಯಲ್ಲಿ ತಿನ್ನಿಸುತ್ತಿದ್ದರು. ಹಾಗೆ ಕೂತಾಗ ತಂಗಿಯ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದ್ದು ಅಕ್ಕನ ಕಣ್ಣಿಗೆ ಬಿತ್ತು. ಯಾವಾಗ ಆಯಿತು ಇದು? ಊರಿನವರ ಕಿವಿಯ ಹಿಂದೆಲ್ಲ ಕಡ್ಡಿ ಕೂರಿಸಿದವಳಿಗೆ ಮನೆಯವಳ ಕಿವಿ ಕಂಡಿರಲಿಲ್ಲ. ಆವತ್ತು ಫೋನು ಮಾಡಬೇಕಿತ್ತು ಕಣೇ, ಎಂಬ ಮಾತು ಅವಳ ಗಂಟಲಿಗೆ ಬಂತು. ಅಷ್ಟರಲ್ಲಿ ಮಸಿ ತುತ್ತು ಉಗುಳಿತು, ಅಕ್ಕ ಮಾತು ನುಂಗಿದಳು.

ಬೆಕ್ಕು ಒಂದಿಷ್ಟು ದಿನ ಚೇತರಿಸಿಕೊಂಡು ಮತ್ತೆ ಕುಗ್ಗಿತು. ಡ್ರಿಪ್ ಕೊಟ್ಟರೂ ಏಳುತ್ತಿರಲಿಲ್ಲ. ಒಂದು ಸಂಜೆ ಸೂಜಿ ತೆಗೆದು ಹತ್ತಿ ಒತ್ತುತ್ತ ಅಕ್ಕ ಹೇಳಿದಳು:

"ಮಸಿ, ನಿನಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂಗಡಿಗೆ ಫೋನ್ ಮಾಡೋಕೆ ಹೇಳು ಅವ್ಳಿಗೆ. ಎಲ್ಲಿದ್ರೂ ಓಡಿ ಬರ್ತೀನಿ. ನಾನು ಬರೋವರ್ಗೂ ಇರು."

ತಂಗಿ ಮೇಜು ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ತಂಗಿಯ ವಾರದ ರಜೆಯ ದಿನ ಬಂತು. ಅಕ್ಕ ಹೊರಡುವ ಮುಂಚೆ ಮಸಿಯ ಕಿವಿ ಮುಟ್ಟಿದಳು, ತಣ್ಣಗಿತ್ತು. ಹೋಗಬೇಡ ಎಂದು ಮನಸ್ಸು ಹೇಳಿತು. ಮನೆಯಲ್ಲಿ ಒಬ್ಬರು ಇದ್ದಾರಲ್ಲ, ಏನಾದರೂ ಆದರೆ ತಿಳಿಸುತ್ತಾಳೆ, ಅಷ್ಟೂ ಕರುಣೆ ಇಲ್ಲದವಳೇ ನನ್ನ ತಂಗಿ ಎಂದು ಸಮಾಧಾನ ಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ಅಂಗಡಿಯಲ್ಲಿ ಫೋನನ್ನು ಕಣ್ಣಿಗೆ ಕಾಣುವಂತೆ ಗಲ್ಲಾದ ಮೇಲಿಟ್ಟುಕೊಂಡಳು. ಗಾಜು ಉಜ್ಜುವ ಯಂತ್ರದ ಸದ್ದಿನಲ್ಲಿ ಕೇಳಿಸದೆ ಹೋದೀತೆಂದು ಮತ್ತೆ ಮತ್ತೆ ನಿಲ್ಲಿಸಿ ನೋಡಿದಳು. "ನಿನ್ನ ನೋಡೋಕೆ ಯಾರಾದ್ರೂ ವರ ಬರ್ತಿದ್ದಾರೇನಕ್ಕ?" ಎಂದು ಅಂಗಡಿಯ ಯಜಮಾನ ಚುಡಾಯಿಸಿದ. ಫೋನು ಸದ್ದು ಮಾಡಲೇ ಇಲ್ಲ. ಸಂಜೆಯಾಗುತ್ತ ಅವಳ ಮನಸ್ಸು ಹಗುರಾಯಿತು. ದಾರಿಯಲ್ಲಿ ಮಸಿಗೆಂದು ಒಂದು ಸಣ್ಣ ಮೀನು ಕೊಂಡಳು. ಡಾಕ್ಟರಮ್ಮ ಬೈದರೆ ಬೈಯಲಿ, ಒಂದು ದಿನ ನಾಲಿಗೆಗೆ ರುಚಿಯಾದದ್ದು ತಿನ್ನಲಿ.

ಬಾಗಿಲು ತೆರೆದಿತ್ತು. ಅಡುಗೆಮನೆಯ ಮೇಜು ಒರೆಸಿ ಚೊಕ್ಕವಾಗಿತ್ತು. ಕೊಕ್ಕೆಯಲ್ಲಿ ಚೀಲ ಇರಲಿಲ್ಲ. ಟವೆಲ್ ಒಗೆದು ಹಗ್ಗದ ಮೇಲೆ ಹರವಿತ್ತು. ತಂಗಿ ಕುರ್ಚಿಯಲ್ಲಿ ಕೂತಿದ್ದಳು, ಅವಳ ಉಗುರುಗಳ ಸಂದಿಯಲ್ಲಿ ಹಿತ್ತಲ ಮಣ್ಣಿತ್ತು.

"ಮಸಿ?" ಎಂದಳು ಅಕ್ಕ. ಮಂಚದ ಕೆಳಗೆ ಬಗ್ಗಿ ನೋಡಿದಳು. ಮತ್ತೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ತಂಗಿ ಅವಳ ಕಡೆ ನೋಡಲಿಲ್ಲ. ಖಾಲಿ ಚಾಪೆಯನ್ನು ನೋಡುತ್ತ, ಮೈಕಿನ ಮುಂದೆ ಕೂತಾಗಿನ ಅದೇ ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು:

"ಅವ್ಳಿಗೆ ಹೇಳು ಮಸಿ. ಬೆಳಿಗ್ಗೆ ನಿನಗೆ ಫಿಟ್ಸ್ ಬಂತು. ನಿಲ್ಲಲೇ ಇಲ್ಲ. ಇನ್ನು ನರಳಿಸೋದು ಬೇಡ ಅಂತ ಡಾಕ್ಟ್ರು ಮತ್ತೆ ಏಳದ ಹಾಗೆ ಮಲಗಿಸೋ ಇಂಜೆಕ್ಷನ್ ಕೊಟ್ರು. ನನ್ನ ತೊಡೆ ಮೇಲೇ ಹೋದೆ." ಉಗುರಿನ ಮಣ್ಣು ಕೆರೆದಳು. "ಅವ್ಳು ಕೆಲಸದಲ್ಲಿದ್ಲು. ಮುಗಿಸ್ಕೊಂಡು ಬರ್ಲಿ ಅಂತ ಹೇಳ್ಲಿಲ್ಲ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಫೋನು ಕೈಯಲ್ಲೇ ಇತ್ತಲ್ಲ, ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ, ಎಂದು ಕಿರುಚಲು ಬಾಯಿ ತೆರೆದಳು. ಬಂದು ಏನ್ ಮಾಡ್ತಿದ್ದೆ, ಎಂಬ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಅವಳದೇ ಮಾತು ಅದು. ಇಲ್ಲಿ ಮಸಿಯ ಮೇಲೆ ಮಣ್ಣು ಬೀಳುತ್ತಿದ್ದಾಗ ತಾನಲ್ಲಿ ಯಾವನದೋ ಮೂಗಿನ ಮೇಲೆ ಕನ್ನಡಕ ಇಟ್ಟು ನಗುನಗುತ್ತ ಈಗ ಕಾಣ್ತಾ, ಈಗ ಕಾಣ್ತಾ ಎಂದು ಕೇಳುತ್ತಿದ್ದಳು. ಯಜಮಾನನ ಹಾಸ್ಯಕ್ಕೆ ನಕ್ಕಿದ್ದಳು. ಮೀನಿನಂಗಡಿಯಲ್ಲಿ ನಿಂತು ಎಳೆಯದನ್ನೇ ಕೊಡಿ ಎಂದು ಚೌಕಾಸಿ ಮಾಡಿದ್ದಳು. ಆ ಇಡೀ ದಿನವನ್ನು ಯಾರೋ ತನ್ನಿಂದ ಕದ್ದುಬಿಟ್ಟ ಹಾಗೆ ಅವಳಿಗೆ ಅನ್ನಿಸಿತು. ಮೀನಿನ ಪೊಟ್ಟಣದಿಂದ ನೀರು ಸೋರಿ ಪಾದದ ಮೇಲೆ ಬೀಳುತ್ತಿತ್ತು.

"ಅಮ್ಮ ಹೋದ ದಿನ," ಎಂದಳು ಅಕ್ಕ, ಚಾಪೆಯ ಕಡೆ ನೋಡದೆ, "ನಿನಗೂ ಹೀಗೇ ಆಗಿತ್ತಾ?"

ತಂಗಿ ತಲೆ ಎತ್ತಿ ಅವಳನ್ನೇ ನೋಡಿದಳು. ಅಷ್ಟು ವರ್ಷಗಳ ಮೇಲೆ ನೆಟ್ಟಗೆ ನೋಡಿದಳು.

"ಹೂಂ," ಎಂದಳು. "ಹೀಗೇ."

ಆಮೇಲೆ ಎದ್ದು ಕೈಯ ಮಣ್ಣು ತೊಳೆದುಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಕ್ಕ ಅಲ್ಲೇ ನಿಂತಿದ್ದಳು. ತಪ್ಪಾಯಿತು ಎಂಬ ಮಾತು ಕೊನೆಗೂ ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿ ಕಳಿಸಲು ಬೆಕ್ಕಿರಲಿಲ್ಲ.