ಟಿವಿಗೆ ಹಚ್ಚಿದ ವಿಭೂತಿ

ಶೆಟ್ಟಿಹಳ್ಳಿಯ ನಮ್ಮ ಪಕ್ಕದ ಮನೆ ಅಜ್ಜಿಗೆ ಫುಟ್‌ಬಾಲಿನ ಒಂದು ನಿಯಮವೂ ಗೊತ್ತಿರಲಿಲ್ಲ. ಆಟದಲ್ಲಿ ಬಿದ್ದು ಮಂಡಿಯ ಆಪರೇಷನ್ ಆಗಿ ನಾನು ಮನೆಯಲ್ಲಿ ಮಲಗಿದ್ದಾಗ, ಜೊತೆಗೆ ಕೂತು ಟಿವಿಯಲ್ಲಿ ಸ್ಪೇನಿನ ಹುಡುಗಿಯರ ಮ್ಯಾಚ್ ನೋಡುತ್ತಿದ್ದರು. ಯಾವ ತಂಡದವಳು ಬಿದ್ದರೂ ಅವರದು ಒಂದೇ ಮಾತು: "ಏಳವ್ವ, ಎದ್ದೇಳು."

ಅಲ್ಲಿನ ಒಬ್ಬ ಎಳೆಯ ಫಾರ್ವರ್ಡ್ ಆಟಗಾರ್ತಿ ನನ್ನ ಹಾಗೇ ಮಂಡಿಯ ಲಿಗಮೆಂಟ್ ಹರಿದುಕೊಂಡು, ವರ್ಷವಿಡೀ ಕೂತು, ಮತ್ತೆ ಮೈದಾನಕ್ಕೆ ಇಳಿದಿದ್ದಳು. ಅದನ್ನು ಹೇಳಿದ್ದೇ ತಡ, ಅಜ್ಜಿ ತಮ್ಮ ಮನೆಯಿಂದ ವಿಭೂತಿ ತಂದು ಟಿವಿಯಲ್ಲಿ ಕಂಡ ಅವಳ ಮಂಡಿಗೆ ಹಚ್ಚಿದರು. ಅಷ್ಟರಲ್ಲಿ ಕ್ಯಾಮೆರಾ ತಿರುಗಿ ಅದು ರೆಫರಿಯ ಮೂಗಿನ ಮೇಲಾಯಿತು.

"ನಾನಿನ್ನು ಆಡಲ್ಲ ಬಿಡಜ್ಜಿ," ಅಂದೆ.

"ಅವ್ಳು ಆಡ್ತವ್ಳೆ, ನಿಂಗೇನೇ ದೊಡ್ಡ ರೋಗ?" ಎಂದು ಬೆರಳಲ್ಲಿ ಉಳಿದದ್ದನ್ನು ನನ್ನ ಬ್ಯಾಂಡೇಜಿನ ಮೇಲೆ ಒರೆಸಿದರು.

ಮರುವರ್ಷ ಗುಬ್ಬಿ ಊರಲ್ಲಿ ನಡೆದ ಮ್ಯಾಚಿನಲ್ಲಿ ನಾನೂ ಎದುರು ತಂಡದ ಡಿಫೆಂಡರೂ ಡಿಕ್ಕಿ ಹೊಡೆದು ಬಿದ್ದೆವು. ಹೆದರಿಕೆಗೆ ಮಂಡಿ ಹಿಡಿದುಕೊಂಡು ಮಲಗಿಯೇ ಇದ್ದೆ. ಬಸ್ಸು ಹಿಡಿದು ಆಟ ನೋಡಲು ಬಂದಿದ್ದ ಅಜ್ಜಿಯ ದನಿ ಗೆರೆಯಾಚೆಯಿಂದ ಕೇಳಿತು:

"ಏಳ್ರವ್ವ, ಇಬ್ರೂ ಎದ್ದೇಳಿ!"

ಆ ಹುಡುಗಿ ಮೊದಲು ಎದ್ದು ನನ್ನತ್ತ ಕೈ ಚಾಚಿದಳು. "ಯಾರೇ ಅದು, ನಿಮ್ಮಜ್ಜೀನಾ?"

"ಹೂಂ, ನಮ್ಮಜ್ಜಿ," ಎನ್ನುತ್ತಾ ಎದ್ದೆ.