ಎಂಟು ಹೆಸರುಗಳನ್ನು ಹಿಂತೆಗೆದುಕೊಂಡ ಬಾಯಿಯವರು

ಬಾಯಿಯವರ ನಿವೃತ್ತಿಗೆ ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಬರೆಯುವಷ್ಟು ಯೋಗ್ಯತೆ ನನಗಿಲ್ಲ. ಇದು ವಿನಯಕ್ಕೆ ಹೇಳುವ ಮಾತಲ್ಲ. ಇಲ್ಲಿ ಬರೆದಿರುವವರೆಲ್ಲರೂ ಪ್ರಾಧ್ಯಾಪಕರು, ಸಂಶೋಧಕರು. ನಾನು ಪ್ರಾಣಿಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಹುಳದ ಪೆಟ್ಟಿಗೆಗಳ ಧೂಳು ಒರೆಸಿದವನು. ಸಂಜೆ ಕಾಲೇಜಿನಲ್ಲಿ ಓದಿ ಬಿ.ಎ. ಮುಗಿಸಿದ್ದೇನೆ, ಅಷ್ಟೇ. ಸಂಪಾದಕಿಯಾದ ಶ್ರೀಲಕ್ಷ್ಮೀ ಮೇಡಂ ಲಕ್ಷ್ಮೇಶ್ವರದಿಂದ ಮೂರು ಸಲ ಫೋನ್ ಮಾಡಿದರು. "ಗೋಣೆಪ್ಪಣ್ಣಾ, ಬಾಯಾರ ಜೋಡಿ ನಿಮ್ಮಷ್ಟು ಗುಡ್ಡ ಅಡ್ಡಾಡಿದವರು ಯಾರೂ ಇಲ್ಲ. ನೀವ ಬರೀಲಿಲ್ಲಂದ್ರ ಪುಸ್ತಕ ಅರ್ಧಾ ಆಗ್ತದ," ಎಂದರು. ಆದರೂ ನಾನು ಬರೆಯುತ್ತಿರುವುದು ಅವರ ಒತ್ತಾಯಕ್ಕಲ್ಲ. ಬಾಯಿಯವರ ಬಗ್ಗೆ ಈ ಊರಿನಲ್ಲಿ ಒಂದು ಸುಳ್ಳು ಮಾತು ಓಡಾಡುತ್ತಿದೆ. ಅದು ಸುಳ್ಳೆಂದು ಬಲ್ಲವನು, ಅವರನ್ನು ಬಿಟ್ಟರೆ, ನಾನೊಬ್ಬನೇ. ಓದುಗರು ಕ್ಷಮಿಸಬೇಕು.

ನಾವೆಲ್ಲ ಬಾಯಿಯವರೆಂದು ಕರೆಯುವ ಡಾ. ವಿಮಲಾಬಾಯಿ ಯಳವತ್ತಿಯವರು ಕೀಟಶಾಸ್ತ್ರದಲ್ಲಿ ಎಷ್ಟು ದೊಡ್ಡವರೆಂಬುದನ್ನು ತಿಳಿದವರು ಈ ಸಂಪುಟದಲ್ಲಿಯೇ ಬೇರೆ ಕಡೆ ಬರೆದಿದ್ದಾರೆ. ನನಗೆ ಗೊತ್ತಿರುವುದು ಇಷ್ಟು: ಮಲ್ಲಸಮುದ್ರದ ದಾರಿಗೆ ಹೊಂದಿಕೊಂಡಿರುವ ಕರಿಕಲ್ಲ ಗುಡ್ಡದ ಮೀಸಲು ಅರಣ್ಯವನ್ನು ಊರಿನವರು ಬರೀ ಜಾಲಿ ಕಂಟಿಯ ಜಾಗವೆಂದು ತಿಳಿದಿದ್ದ ಕಾಲದಲ್ಲಿ, ಮೂರು ದಿಕ್ಕಿನಿಂದ ಮನೆಗಳು ಒತ್ತಿ ಬರುತ್ತಿದ್ದ ಆ ಮುನ್ನೂರು ಎಕರೆಯೊಳಗೆ ನಾಲ್ಕುನೂರಕ್ಕೂ ಮಿಕ್ಕಿ ಬಗೆಯ ಕೀಟಗಳಿವೆಯೆಂದು ಒಂದೊಂದಾಗಿ ಹಿಡಿದು, ಹೆಸರು ಹಚ್ಚಿ, ತೋರಿಸಿದವರು ಅವರು. ಸಗಣಿಯ ಉಂಡೆ ಉರುಳಿಸುವ ಹುಳದಿಂದ ಹಿಡಿದು ಕಲ್ಲಿನ ಸಂದಿಯ ಇರುವೆಯವರೆಗೆ ಎಲ್ಲವನ್ನೂ ಒಂದೇ ಗೌರವದಿಂದ ನೋಡಿದವರು.

ನಾನು ಸೊರಟೂರಿನಿಂದ ಬಂದು ಹಂಗಾಮಿ ನೌಕರನಾಗಿ ಸೇರಿದ್ದು ೧೯೯೮ರಲ್ಲಿ. ಸೇರಿದ ವಾರದಲ್ಲಿಯೇ ಬಾಯಿಯವರು ನನ್ನ ಕೈಯಲ್ಲಿ ಬಿಳಿ ಬಟ್ಟೆಯ ಬಲೆ ಕೊಟ್ಟು ಗುಡ್ಡಕ್ಕೆ ಕರೆದೊಯ್ದರು. ಹುಲ್ಲಿನ ಮೇಲೆ ಬಲೆ ಬೀಸುವುದು, ನೆಲದಲ್ಲಿ ಡಬ್ಬಿ ಹುಗಿದು ಹರಿದಾಡುವ ಹುಳಗಳನ್ನು ಬೀಳಿಸುವುದು, ಸೂಜಿಯನ್ನು ಎಲ್ಲಿ ಚುಚ್ಚಬೇಕು, ಎಲ್ಲಿ ಚುಚ್ಚಬಾರದು, ಎಲ್ಲವನ್ನೂ ಅವರೇ ಕಲಿಸಿದರು. ಅರಣ್ಯದ ಕಾವಲುಗಾರ ಅಲ್ಲಾಉದ್ದೀನ ನಮ್ಮ ಬಲೆ ಕಂಡಾಗಲೆಲ್ಲ ಕೂಗುತ್ತಿದ್ದ: "ಏನ್ರೀ ಬಾಯಾರ, ಇವತ್ತ ಎಷ್ಟ ಹುಲಿ ಬಿದ್ವ್ರಿ ಬಲಿಗೆ?"

"ನಮ್ಮ ಹುಲಿ ಸಣ್ಣವ ಅವ ಅಲ್ಲಾಉದ್ದೀನ. ಚಷ್ಮಾ ಹಾಕ್ಕೊಂಡ ಬಾ, ತೋರಸ್ತೀನಿ," ಎಂದು ಬಾಯಿಯವರೂ ಬಿಡುತ್ತಿರಲಿಲ್ಲ.

ನನ್ನ ಅಕ್ಷರ ಚೆನ್ನಾಗಿದೆಯೆಂದು ಮೊದಲು ಹೇಳಿದವರೂ ಅವರೇ. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನೆಂದು ತಿಳಿದಾಗ, ಸಂಜೆ ಕಾಲೇಜಿನ ಅರ್ಜಿಯನ್ನು ತಾವೇ ತಂದು ಮೇಜಿನ ಮೇಲಿಟ್ಟು, "ಐದ ಗಂಟೆಕ್ಕ ನಿನ್ನ ಕೆಲಸ ಮುಗೀತು. ಐದೂ ಕಾಲಕ್ಕ ನೀ ಇಲ್ಲಿ ಕಂಡಿ ಅಂದ್ರ ನಾ ಬೈತೀನಿ ನೋಡು," ಎಂದಿದ್ದರು. ಮೊದಲು ಪಿಯುಸಿ, ಆಮೇಲೆ ಬಿ.ಎ.; ಏಳು ವರ್ಷ ಒಂದು ದಿನವೂ ಐದರ ಮೇಲೆ ನನ್ನನ್ನು ನಿಲ್ಲಿಸಿಕೊಳ್ಳಲಿಲ್ಲ. ಎಷ್ಟೋ ಸಲ ತಾವೇ ಗಾಜು ತೊಳೆದಿಟ್ಟು ಮನೆಗೆ ಹೋಗಿದ್ದು ಮರುದಿನ ತಿಳಿಯುತ್ತಿತ್ತು. ನನ್ನ ತಾಯಿ ಹನಮಂತವ್ವ ಕಾಮಾಲೆಯಿಂದ ಮಲಗಿದ್ದಾಗ ಇಪ್ಪತ್ತು ದಿನ ಅವರ ಮನೆಯಿಂದ ಗಂಜಿ ಬಂದಿತ್ತು. ಇಂಥವು ಇನ್ನೂ ಇವೆ. ಆದರೆ ಹೇಳಬೇಕಾದದ್ದನ್ನು ಮುಂದೂಡುವುದಕ್ಕೆ ಇವುಗಳನ್ನು ಬರೆಯುತ್ತಿದ್ದೇನೆಯೇ ಎಂಬ ಸಂಶಯ ಬರುತ್ತಿದೆ.

ಹೇಳುತ್ತೇನೆ.

ಒಣಗಿಸಿದ ಹುಳವನ್ನು ಸೂಜಿಯಲ್ಲಿ ಚುಚ್ಚಿದ ಮೇಲೆ ಅದೇ ಸೂಜಿಗೆ ಕೆಳಗಡೆ ಬೆರಳುಗುರಿನಷ್ಟು ಚೀಟಿಯೊಂದನ್ನು ಸಿಕ್ಕಿಸುತ್ತಾರೆ. ಯಾವ ಊರು, ಯಾವ ತಾರೀಖು, ಹಿಡಿದವರು ಯಾರು ಎಂಬುದು ಅದರಲ್ಲಿರುತ್ತದೆ. ಪೆಟ್ಟಿಗೆಯಲ್ಲಿ ಹುಳಗಳನ್ನು ಜೋಡಿಸುವುದು ಊರಿನ ಪ್ರಕಾರವಲ್ಲ, ಜಾತಿಯ ಪ್ರಕಾರ. ಮಿಡತೆಗಳ ಪೆಟ್ಟಿಗೆಯೆಂದರೆ ಅದರಲ್ಲಿ ಕರಿಕಲ್ಲ ಗುಡ್ಡದವೂ ಇರುತ್ತವೆ, ಮುಂಡರಗಿ ಗುಡ್ಡದವೂ ಇರುತ್ತವೆ. ಯಾವುದು ಎಲ್ಲಿಯದೆಂದು ಹೇಳುವುದು ಚೀಟಿಯೊಂದೇ. ಚೀಟಿ ಹೋದರೆ ಹುಳ ಬರೀ ಸತ್ತ ಹುಳ ಎಂದು ಬಾಯಿಯವರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಅದನ್ನು ನಾನು ಹದಿನೈದು ವರ್ಷ ಕೇಳಿದ್ದೆ.

೨೦೧೩ರ ದಸರೆಯ ರಜೆ. ಆ ಮಳೆಗಾಲದ ಥಂಡಿಗೆ ಮಿಡತೆ ಪೆಟ್ಟಿಗೆಯ ಚೀಟಿಗಳಿಗೆ ಬೂಷ್ಟು ಹತ್ತಿ ಮಸಿ ಹರಡತೊಡಗಿತ್ತು. ಬಾಯಿಯವರು ಊರಲ್ಲಿರಲಿಲ್ಲ. ಅವರು ಬರುವಷ್ಟರಲ್ಲಿ ಚೀಟಿಗಳನ್ನೆಲ್ಲ ಹೊಸದಾಗಿ ಬರೆದಿಟ್ಟರೆ ಸಂತೋಷಪಡುತ್ತಾರೆ ಎಂದುಕೊಂಡೆ. ಯಾರೂ ಹೇಳದಿದ್ದ ಕೆಲಸ. ಒಂದು ಚೀಟಿ ತೆಗೆದು, ಬರೆದು, ಸಿಕ್ಕಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕಿತ್ತು. ಜಲ್ದಿ ಆಗಲೆಂದು ನಲವತ್ತನಾಲ್ಕು ಚೀಟಿಗಳನ್ನೂ ಒಮ್ಮೆಲೇ ತೆಗೆದು, ಹುಳಗಳು ಇದ್ದ ಸಾಲಿನಂತೆಯೇ ಮೇಜಿನ ಮೇಲೆ ಜೋಡಿಸಿದೆ. ಮುಂಜಾನೆಯಿಂದ ಕರೆಂಟ್ ಇರಲಿಲ್ಲ. ಫ್ಯಾನಿನ ಬಟನ್ ಹಾಕಿಯೇ ಇದ್ದದ್ದು ನನ್ನ ಲಕ್ಷ್ಯದಲ್ಲಿರಲಿಲ್ಲ. ಕರೆಂಟ್ ಬಂತು. ಕೆಲವು ಚೀಟಿ ಮೇಜಿನ ಮೇಲೆಯೇ ಸರಿದವು, ಹದಿನೈದೋ ಇಪ್ಪತ್ತೋ ನೆಲಕ್ಕೆ ಬಿದ್ದವು.

ಅವನ್ನು ಆರಿಸಿ ನೆನಪಿನಿಂದ ಮತ್ತೆ ಇಟ್ಟೆ. ನನ್ನ ನೆನಪಿನ ಮೇಲೆ ಆಗ ನನಗೆ ಭರವಸೆಯಿತ್ತು. ಚಂದದ ಅಕ್ಷರದಲ್ಲಿ ಎಲ್ಲವನ್ನೂ ಬರೆದು, ಹಳೆಯ ಚೀಟಿಗಳನ್ನು ಸುಟ್ಟುಬಿಟ್ಟೆ. ಬಾಯಿಯವರು ಬಂದು ನೋಡಿ, "ಎಷ್ಟ ಛಂದ ಬರದೀಯೋ!" ಎಂದರು. ನಾನು ನಕ್ಕೆ.

ಎಂಟು ವರ್ಷ ಕಳೆದ ಮೇಲೆ ಹೊರ ರಾಜ್ಯದ ತಜ್ಞರೊಬ್ಬರು ಆ ಪೆಟ್ಟಿಗೆಯನ್ನು ನೋಡಲು ಬಂದರು. ಕಲ್ಲಿನ ಬಣ್ಣದ, ರೆಕ್ಕೆಯೇ ಇಲ್ಲದ ಮೂರು ಮಿಡತೆಗಳ ಮುಂದೆ ಅರ್ಧ ಗಂಟೆ ಕುಳಿತರು. ಇಂಥದ್ದನ್ನು ತಾವು ಎಲ್ಲಿಯೂ ಕಂಡಿಲ್ಲವೆಂದರು. ಚೀಟಿಯಲ್ಲಿ ನನ್ನ ಅಕ್ಷರದಲ್ಲಿ 'ಕರಿಕಲ್ಲ ಗುಡ್ಡ, ಪಡುವಣ ಇಳಿಜಾರು' ಎಂದಿತ್ತು.

ಆ ಇಳಿಜಾರಿನ ಮೂವತ್ತು ಎಕರೆಯನ್ನು ರಸ್ತೆಗಾಗಿ ಅರಣ್ಯದಿಂದ ಬಿಡಿಸುವ ಪ್ರಸ್ತಾವ ಆಗಲೇ ಬಂದಿತ್ತು. ಹಾರುವ ಹುಳವಾದರೆ ಎಲ್ಲಿಂದಲೋ ಬಂದು ಕೂತಿತ್ತೆಂದು ಹೇಳಬಹುದು. ಹಾರಲಾರದ ಹುಳ ಅಲ್ಲಿ ಸಿಕ್ಕಿದ್ದರೆ ಅದು ಅಲ್ಲಿಯದೇ. ಅದಕ್ಕೆ ಬೇರೆ ಮನೆಯಿಲ್ಲ. ಆ ಪ್ರಸ್ತಾವದ ವಿರುದ್ಧ ಬಾಯಿಯವರು ಬರೆದ ವರದಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಅದಾಯಿತು. ಊರಿನ ಜನ ಮೊದಲ ಸಲ ಹುಳವೊಂದರ ಹೆಸರು ಹೇಳಿ ಅರಣ್ಯ ಉಳಿಸಿರೆಂದು ಅರ್ಜಿ ಬರೆದರು.

ನಾನು ಅಂದಿನ ಆ ಮೇಜನ್ನು ಮತ್ತೆ ಮತ್ತೆ ನೆನೆಯತೊಡಗಿದೆ. ಆ ಮೂರು ಚೀಟಿ ಮೇಜಿನ ಮೇಲೆ ಉಳಿದವುಗಳಲ್ಲಿದ್ದವೋ, ನೆಲಕ್ಕೆ ಬಿದ್ದವುಗಳಲ್ಲಿದ್ದವೋ? ಎಷ್ಟು ನೆನೆದರೂ ಒಂದೊಂದು ದಿನ ಒಂದೊಂದು ರೀತಿ ಕಾಣುತ್ತಿತ್ತು. ೨೦೨೨ರ ಜುಲೈದಲ್ಲಿ, ರಸ್ತೆಯ ಬಗ್ಗೆ ಜನರ ಅಹವಾಲು ಕೇಳುವ ಸಭೆಗೆ ಐದು ತಿಂಗಳಿರುವಾಗ, ಬಾಯಿಯವರ ಮುಂದೆ ನಿಂತು ಹೇಳಿದೆ.

"ಬಾಯಾರ, ಮಿಡಚಿ ಪೆಟಿಗಿ ಚೀಟಿ ಬರಿಯಾಕ ಹತ್ತಿದಾಗ ಹಾರಿದ್ವುರಿ."

"ಹಾರಿದ್ವು ಅಂದ್ರ?"

"ಫ್ಯಾನಿನ ಗಾಳಿಗೆ ಕೆಳಗ ಬಿದ್ದಿದ್ವುರಿ. ನೆನಪಿಲೆ ಇಟ್ಟೇನ್ರಿ."

"ಹಳೇ ಚೀಟಿ ಎಲ್ಲಿ ಅವ?"

"ಸುಟ್ಟೇನ್ರಿ."

ಅವರು ಎದ್ದು ಕಪಾಟಿನಿಂದ ಆ ವರ್ಷಗಳ ಟಿಪ್ಪಣಿ ಪುಸ್ತಕಗಳನ್ನು ತೆಗೆದು ಪುಟ ತಿರುವಿದರು. ಕರಿಕಲ್ಲ ಗುಡ್ಡದ ಒಂದು ದಿನ 'ಮಿಡತೆ ಹನ್ನೊಂದು' ಎಂದಿತ್ತು, ಮುಂಡರಗಿಯ ಒಂದು ದಿನ 'ಮಿಡತೆ ಒಂಬತ್ತು' ಎಂದಿತ್ತು, ಎಲ್ಲ ದಿನವೂ ಹಾಗೆಯೇ. ಜಾತಿ ಗುರುತಿಸುವುದು ಆಮೇಲೆ ಪ್ರಯೋಗಾಲಯದಲ್ಲಾದ್ದರಿಂದ ಅಷ್ಟೇ ಬರೆದಿದ್ದರು. ಪುಸ್ತಕ ಮುಚ್ಚಿ, "ಎಂಟ ವರ್ಷ ಸುಮ್ನ ಕೂತೆಲ್ಲೋ ಗೋಣೆಪ್ಪ," ಎಂದರು. ಈ ಇಪ್ಪತ್ತೇಳು ವರ್ಷಗಳಲ್ಲಿ ಅವರು ನನಗೆ ಹೇಳಿದ ಅತ್ಯಂತ ಕಠಿಣವಾದ ಮಾತು ಅದು. ಮರುಕ್ಷಣವೇ, "ಬಲಿ ತಗೋ. ಹುಡಕೋಣು ನಡಿ," ಎಂದರು.

ಹುಡುಕಿದೆವು. ಮಳೆಗಾಲದ ಒಂದು ಭಾನುವಾರವನ್ನೂ ಬಿಡಲಿಲ್ಲ. ಐವತ್ತೇಳು ವರ್ಷದ ಬಾಯಿಯವರು ಸೀರೆಯ ನೆರಿಗೆ ಎತ್ತಿ ಕಟ್ಟಿ, ಇಳಿಜಾರಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಇದ್ದ ಹಾಗೆಯೇ ಮತ್ತೆ ಇಡುತ್ತಿದ್ದರು. ಅಲ್ಲಾಉದ್ದೀನನೂ ರಜೆಯ ದಿನ ಬಂದು ಮೊಣಕಾಲೂರಿ ಹುಲ್ಲು ಸರಿಸುತ್ತಿದ್ದ. "ಲೇ ಗೋಣೆಪ್ಪ, ನಮಾಜಿಗೂ ಇಷ್ಟ ಬಾಗಿಲ್ಲಲೇ ನಾ," ಎನ್ನುತ್ತಿದ್ದ. ಏಕೆ ಹುಡುಕುತ್ತಿದ್ದೇವೆಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ನಡುವೆ ಎರಡು ಸಲ ಮುಂಡರಗಿಯ ಗುಡ್ಡಕ್ಕೂ ಹೋಗಿ ಬಂದೆವು. ಹಿಂದೆ ಮಿಡತೆ ಹಿಡಿದಿದ್ದ ಜಾಗದಲ್ಲಿ ಗಾಳಿಯಂತ್ರಗಳ ದಾರಿಯಾಗಿತ್ತು. ಆ ಪೆಟ್ಟಿಗೆಯಿಂದ ಕರಿಕಲ್ಲ ಗುಡ್ಡದ ಪಟ್ಟಿಗೆ ಸೇರಿದ್ದ ಹದಿನಾಲ್ಕು ಬಗೆಗಳಲ್ಲಿ ಆರು ಗುಡ್ಡದಲ್ಲಿ ಮತ್ತೆ ಸಿಕ್ಕವು. ಎಂಟು ಸಿಗಲಿಲ್ಲ. ರೆಕ್ಕೆಯಿಲ್ಲದ ಮಿಡತೆ ಎರಡೂ ಕಡೆ ಸಿಗಲಿಲ್ಲ.

ಆ ಎಂಟನ್ನು ವರದಿಯಿಂದ ತೆಗೆಯುವೆನೆಂದು ಬಾಯಿಯವರು ಸಭೆಯ ಹಿಂದಿನ ದಿನ ಹೇಳಿದಾಗ ನಾನು ಅಂದೆ, "ಬಾಯಾರ, ಸಿಗಲಿಲ್ಲಂದ್ರ ಇಲ್ಲಂತ ಅಲ್ಲಲ್ರಿ. ನೀವ ಹೇಳ್ತಿದ್ರಿ."

"ಖರೆ. ಆದ್ರ ಅದ ಅಂತನೂ ಅಲ್ಲ."

"ನಾನ ಬಂದ ಹೇಳ್ತೀನ್ರಿ, ತಪ್ಪ ನಂದಂತ."

"ನೀ ಏನೂ ಹೇಳಬ್ಯಾಡ. ನಿನ್ನ ನೌಕರಿ ಖಾಯಂ ಆಗೋ ಕಾಗದ ಈಗ ಮ್ಯಾಲ ಹೋಗ್ಯದ. ಪ್ರಯೋಗಾಲಯ ನಂದು, ಪೆಟಿಗಿ ನಂದು, ವರದಿ ನಂದು."

ಮರುದಿನ ಅಷ್ಟು ಜನರ ಮುಂದೆ ಎದ್ದು ನಿಂತು, ತಮ್ಮ ವರದಿಯಿಂದ ಎಂಟು ಹೆಸರುಗಳನ್ನು ಹಿಂತೆಗೆದುಕೊಳ್ಳುತ್ತಿರುವುದಾಗಿ ಹೇಳಿ, ಆ ಎಂಟನ್ನೂ ಓದಿದರು. ರೆಕ್ಕೆಯಿಲ್ಲದ ಮಿಡತೆ ಕೊನೆಯದು. ಕಾರಣ ಕೇಳಿದಾಗ, "ಚೀಟಿಗಳ ಮೇಲೆ ಭರವಸೆ ಇಡುವಂತಿಲ್ಲ. ತಪ್ಪು ನನ್ನದು," ಎಂದರು. ಉಳಿದ ಹುಳಗಳಿಗಾಗಿ ಇಳಿಜಾರನ್ನು ಉಳಿಸಬೇಕೆಂದು ಇಪ್ಪತ್ತು ನಿಮಿಷ ಮಾತಾಡಿದರು. ಆ ಹೊತ್ತಿಗೆ ಅವರ ಮಾತನ್ನು ಬರೆದುಕೊಳ್ಳುವವರು ಪೆನ್ನು ಮುಚ್ಚಿದ್ದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಏಳಲಿಲ್ಲ.

ಇಳಿಜಾರು ಹೋಯಿತು. ಯಂತ್ರಗಳು ಬಂದ ದಿನವೂ ಬಾಯಿಯವರು ಅಗೆದ ಮಣ್ಣಿನ ಅಂಚಿನಲ್ಲಿ ಬಗ್ಗಿ ಕಲ್ಲು ಹೊರಳಿಸುತ್ತಿದ್ದರು. ಅಲ್ಲಾಉದ್ದೀನ, "ಸಾಕ್ರಿ ಬಾಯಾರ, ಧೂಳ ಕುಡೀಬ್ಯಾಡ್ರಿ," ಎಂದು ಕೈ ಹಿಡಿದು ಕರೆತಂದ.

ಹುಳದ ಬಾಯಿಯವರು ದೊಡ್ಡವರಿಗೆ ಹೆದರಿ ಕೊನೆಯ ಗಳಿಗೆಯಲ್ಲಿ ಮಾತು ಬದಲಿಸಿದರೆಂದು ಊರು ಆಡಿಕೊಂಡಿತು. ಅರ್ಜಿಗೆ ಓಡಾಡಿದ್ದ ಹಳೆಯ ವಿದ್ಯಾರ್ಥಿ ಯಲ್ಲೇಶ ಬೆಟಗೇರಿಯ ಚಹಾದಂಗಡಿಯಲ್ಲಿ, ನನಗೆ ಕೇಳಲೆಂದೇ, "ಹುಳಕ್ಕ ಬೆನ್ನೆಲುಬಿಲ್ಲಂತ ಕಲಿಸ್ತಿದ್ರು ಬಾಯಾರು. ಈಗ ತಿಳೀತು ಬಿಡು, ಹುಳದ ಕಡಿಂದ ತಾವೂ ಅದನ್ನ ಕಲ್ತಾರಂತ," ಎಂದ. ಸುತ್ತಲಿದ್ದವರು ನಕ್ಕರು. ಚಹಾ ಮುಗಿಸಿ ಲೋಟ ಇಟ್ಟು ಬಂದೆ. ಯಲ್ಲೇಶ, ನೀನು ಇದನ್ನು ಓದುತ್ತಿದ್ದರೆ, ಬೆನ್ನೆಲುಬಿಲ್ಲದೆ ನಿನ್ನ ಎದುರಿಗೇ ಕುಳಿತಿದ್ದವನು ನಾನು. ಬಾಯಿಯವರಲ್ಲ.

ಆ ವರ್ಷ ನನ್ನ ನೌಕರಿ ಖಾಯಂ ಆಯಿತು. ಮುಂದಿನ ಮಳೆಗಾಲದಲ್ಲಿ ಹೊಸ ಹುಳಗಳು ಬಂದಾಗ ನಾನು ಚೀಟಿಯ ಕಾಗದವನ್ನು ಬಾಯಿಯವರ ಕಡೆಗೆ ಸರಿಸಿದೆ. ಅವರು ಅದನ್ನು ಮತ್ತೆ ನನ್ನ ಕಡೆಗೆ ಸರಿಸಿ, ಪೆನ್ನಿನ ಟೊಪ್ಪಿಗೆ ತೆಗೆದು ಕೈಗೆ ಕೊಟ್ಟು, "ಒಂದ ಬರಿ, ಒಂದ ಸಿಗಸು. ಆಮ್ಯಾಲೆ ಇನ್ನೊಂದು," ಎಂದರು. ನನಗೆ ಅಕ್ಷರ ಕಾಣಿಸದಷ್ಟು ಕಣ್ಣು ತುಂಬಿತ್ತು. ಅವರು ನೋಡದವರಂತೆ ಕಿಟಕಿಯ ಕಡೆ ತಿರುಗಿದರು.

ಈ ಲೇಖನಕ್ಕೆ ಅವರ ಅನುಮತಿ ಕೇಳಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರು. ಸಿಟ್ಟಾದರೆ ಬೈಯಲಿ, ಆ ಹಕ್ಕು ಅವರಿಗೆ ಹನ್ನೆರಡು ವರ್ಷದಿಂದ ಬಾಕಿಯಿದೆ. ಉಳಿದಿರುವ ಗುಡ್ಡದಲ್ಲಿ ಇರುವೆಗಳ ಪಟ್ಟಿಯನ್ನು ಹೊಸದಾಗಿ ಶುರುಮಾಡುವೆನೆಂದು ನಿವೃತ್ತಿಯ ದಿನ ಹೇಳಿದ್ದಾರೆ. ಆ ಪಟ್ಟಿ ಮುಗಿಯುವವರೆಗೂ, ಮುಗಿದ ಮೇಲೂ, ಅವರ ಮೊಣಕಾಲು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಅವರಿಗೆ ದೀರ್ಘಾಯುಷ್ಯವಾಗಲಿ. ಚೀಟಿ ಬರೆಯಲು ಕರೆದರೆ ಹೋಗುತ್ತೇನೆ.

ಆ ಎಂಟು ಹೆಸರು ಉಳಿದಿದ್ದರೆ ಇಳಿಜಾರು ಉಳಿಯುತ್ತಿತ್ತೇ ಎಂಬುದು ನನಗೆ ತಿಳಿಯದು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತೇ ಎಂದು ಬಾಯಿಯವರನ್ನು ಒಮ್ಮೆ ಕೇಳಿದೆ. ಇಲ್ಲವೆಂದರು, ಅಷ್ಟೇ. ಮೂರು ಮಿಡತೆಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇವೆ. ಅವು ಕರಿಕಲ್ಲ ಗುಡ್ಡದವೋ, ಮುಂಡರಗಿಯವೋ, ಅಂಥವು ಇನ್ನೂ ಎಲ್ಲಿಯಾದರೂ ಬದುಕಿವೆಯೋ, ನನಗೆ ಗೊತ್ತಿಲ್ಲ. ಬಾಯಿಯವರಿಗೂ ಗೊತ್ತಿಲ್ಲ.