ಮುಚ್ಚಳ ತೆಗೆದ ನೀರು

ಬೆಟಗೇರಿಯ ನಮ್ಮ ಮನೆಯಲ್ಲಿ ನಾನು ಮಾಡಿದ ಬಿಯರು ಮೂರು ಸಲವೂ ಔಷಧದಂತೆ ನಾತ ಹೊಡೆಯಿತು. ತಪ್ಪು ನನ್ನದಲ್ಲ, ನಳದ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರಿನದು. ಆ ವಾಸನೆ ಹೋಗಬೇಕಾದರೆ ನೀರನ್ನು ಅಗಲವಾದ ಬೋಗಾಣಿಯಲ್ಲಿ ದಿನವಿಡೀ ಬಿಸಿಲಿಗೆ ತೆರೆದಿಡಬೇಕು ಎಂದು ತಿಳಿದ ಮೇಲೆ ನಾನೂ ಹಟ ಹಿಡಿದೆ.

ಆದರೆ ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ಬಾಳಿದ ಅವ್ವನ ಕೈ, ತೆರೆದ ನೀರು ಕಂಡರೆ ಸುಮ್ಮನಿರದು. ನಾನು ಒಳಗೆ ಹೋದರೆ ಸಾಕು, ಬೋಗಾಣಿಯ ಮೇಲೆ ತಾಟು ಬಂದು ಕೂತಿರುತ್ತಿತ್ತು.

“ಹುಳಾ ಹುಪ್ಪಡಿ ಬೀಳ್ತಾವಲೇ!” ಎಂದು ನನಗೇ ಬೈಯುತ್ತಿದ್ದಳು.

ಕೊನೆಗೆ ಅವಳದೇ ಹಳೆಯ ಸೀರೆಯ ತೆಳ್ಳಗಿನ ತುಂಡನ್ನು ಬೋಗಾಣಿಯ ಬಾಯಿಗೆ ಕಟ್ಟಿ, ಕೆಲಸಕ್ಕೆ ರಜೆ ಹಾಕಿ, ಪಕ್ಕದಲ್ಲೇ ಕಾವಲು ಕೂತೆ. ಸಂಜೆಗೆ ನೀರಿನ ವಾಸನೆ ಪೂರಾ ಹೋಗಿತ್ತು. ಆ ನೀರಿನಲ್ಲಿ ಮಾಡಿದ ಬಿಯರು ಹದಕ್ಕೆ ಬಂದ ದಿನ, ಬಾಟಲಿ ಬಿಚ್ಚಿ ಅವ್ವನ ಮೂಗಿಗೆ ಹಿಡಿದೆ.

“ಈಗ ಹೇಳಬೇ, ಔಷಧದ ವಾಸನಿ ಐತೇನ?”

ಅವ್ವ ಮೂಸಿದಳು. ಮುಖ ಸಣ್ಣದಾಯಿತು.

“ಆ ವಾಸನಿ ಇತ್ತಂತ ಓಣಿ ಮಂದಿಗೆಲ್ಲಾ ನನ್ನ ಮಗ ಔಷಧ ಕುದಿಸ್ತಾನ ಅಂತ ಹೇಳಿದ್ದೆ. ಇನ್ನ ಏನ್ ಹೇಳ್ಲೋ?”